ಕಾಯಿಲ್ ಹೋದರೆ ಕಾಯಿಲ್ ಬದಲಿಸು: ಹೊಸ ಮನೆ ಹೊಕ್ಕ ಅಣ್ಣನ ಮಗನಿಗೆ ಅತ್ತೆಯ ಕಿವಿಮಾತು

ಕೆಂಗೇರಿ ಉಪನಗರದಲ್ಲಿ ನೀನು ಕೊಂಡಿರುವ ಮನೆ ಹಳೆಯದಾದರೂ ಗಟ್ಟಿಯಾಗಿದೆ. ಗೋಡೆ, ಬಾಗಿಲು, ತಾರಸಿ ಎಲ್ಲವನ್ನೂ ನೋಡಿಸಿಕೊಂಡೇ ಕೊಂಡಿದ್ದೀಯ. ಆದರೆ ಹಳೇ ಮಾಲೀಕರು ಬಿಟ್ಟುಹೋದ ಸೋಲಾರ್, ಬಚ್ಚಲಿನ ಗೀಸರ್, ರೂಮಿನ ಎ.ಸಿ. ಇವನ್ನು ಯಾರೂ ಬಿಚ್ಚಿ ನೋಡಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಮಹಡಿಗಳಲ್ಲಿ ಬಾಡಿಗೆಗೆ ಬಂದ ಎಷ್ಟೋ ಸಂಸಾರಗಳ ಬಿಸಿನೀರಿನ ಹೊಣೆ ಹೊತ್ತವಳು ನಾನು. ರಿಪೇರಿಗೆ ಬಂದವರ ಪಕ್ಕದಲ್ಲಿ ನಿಂತು, ಕೇಳಿ, ನೋಡಿ ಕಲಿತದ್ದನ್ನು ಬರೆದಿದ್ದೇನೆ. ನಿನ್ನ ಹೆಂಡತಿಗೂ ಓದಲು ಕೊಡು. ನೀನು ಆಫೀಸಿನಲ್ಲಿರುವಾಗ ಪ್ಲಂಬರ್ ಎದುರು ನಿಲ್ಲುವವಳು ಅವಳೇ.

• ಮೊದಲು ಯಾವ ಭಾಗ ಹೋಗಿದೆ ಎಂದು ಗೊತ್ತುಮಾಡಿಕೊ, ಆಮೇಲೆ ಬದಲಿಸುವ ಮಾತು. "ಗೀಸರ್ ಹೋಗಿದೆ, ಹೊಸದು ಹಾಕಿಸಿಬಿಡಿ" ಎಂದು ಬಾಗಿಲಲ್ಲೇ ಹೇಳುವವರನ್ನು ಒಳಗೆ ಬಿಡಬೇಡ. ಗೀಸರ್ ಅಂದರೆ ಒಂದೇ ವಸ್ತುವಲ್ಲ ಕಣೋ. ಟ್ಯಾಂಕು, ಕಾಯಿಲ್, ಥರ್ಮೋಸ್ಟಾಟ್, ಅದರ ಜೊತೆಗೊಂದು ಕಟ್‌ಔಟ್, ಆನೋಡ್ ರಾಡು, ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಎಲ್ಲ ಸೇರಿ ಗೀಸರ್. ಇಷ್ಟರಲ್ಲಿ ಟ್ಯಾಂಕೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಡಿಯಾಗಿ ಸಿಗುತ್ತದೆ. ಲಕ್ಷಣ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ದೀಪ ಉರಿಯುತ್ತಿದೆ, ನೀರು ಮಾತ್ರ ತಣ್ಣಗೇ ಇದೆ ಅಂದರೆ ಬಹುಮಟ್ಟಿಗೆ ಕಾಯಿಲ್. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೂ ಕಾಯಿಲ್ ಮೇಲೇ ಅನುಮಾನ, ಒಳಗೆ ಸೀಳಿ ನೀರು ತಾಗಿರುತ್ತದೆ. ನೀರು ಕೊತಕೊತ ಕುದಿದು ಆವಿ ಬಂದರೆ ಥರ್ಮೋಸ್ಟಾಟ್ ಕಟ್ಟಾಗುತ್ತಿಲ್ಲ. ಅವತ್ತೇ ಆರಿಸಿ, ಬದಲಿಸುವ ತನಕ ಮುಟ್ಟಬೇಡಿ. ದೀಪವೇ ಬರದಿದ್ದರೆ ಮೊದಲು ಪ್ಲಗ್ಗು, ಸಾಕೆಟ್ಟು ನೋಡು. ಅದರ ಹಲ್ಲು ಕಪ್ಪಗಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದ್ದರೆ ಗೀಸರ್‌ನ ತಪ್ಪೇನೂ ಇಲ್ಲ.

• ಬಿಚ್ಚುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಕೆಳಗಿಳಿಸಬೇಕು. ಹಳೇ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದುಂಟು. ಆಗ ಸ್ವಿಚ್ ಆರಿಸಿದರೂ ಕಾಯಿಲ್ ತನಕ ಕರೆಂಟು ಇದ್ದೇ ಇರುತ್ತದೆ. ಕೆಲಸಕ್ಕೆ ಬಂದವನು ಟೆಸ್ಟರ್ ಹಚ್ಚಿ ನೋಡದೆ ಸ್ಕ್ರೂ ಡ್ರೈವರ್ ಹಾಕಿದರೆ ನಿಲ್ಲಿಸು. ಚಿಕ್ಕವನು, ಅವಸರದಲ್ಲಿದ್ದಾನೆ, ಇನ್ನೆರಡು ಮನೆಗೆ ಹೋಗಬೇಕಂತೆ, ಅದೆಲ್ಲ ಇರಲಿ. ಅವನ ಮನೆಯಲ್ಲೂ ಕಾಯುವವರಿರುತ್ತಾರೆ.

• ಕಾಯಿಲ್ ಬದಲಿಸುವುದನ್ನು ಒಂದು ಸಲ ಹತ್ತಿರ ನಿಂತು ನೋಡು. ನೀರೆಲ್ಲ ಬಸಿದು, ಕೆಳಗಿನ ಮುಚ್ಚಳದ ಬೋಲ್ಟು ಸಡಿಲಿಸಿ ಎಳೆದರೆ ಮೊದಲು ಕೆಸರು ಬಣ್ಣದ ನೀರು, ಜೊತೆಗೆ ಬಿಳಿ ಚಕ್ಕೆಗಳು ಬಕೆಟ್ಟಿಗೆ ಸುರಿಯುತ್ತವೆ. ಆಮೇಲೆ ಕಾಯಿಲ್ ಹೊರಗೆ ಬರುತ್ತದೆ. ಬೋರ್ ನೀರಿನ ಮನೆಯಾದರೆ ಕಾಯಿಲ್‌ನ ಸುರುಳಿಯೇ ಕಾಣುವುದಿಲ್ಲ, ಸುತ್ತಲೂ ಸುಣ್ಣ ಕಟ್ಟಿ ಸುರುಳಿಗಳ ನಡುವಿನ ಸಂದೆಲ್ಲ ಮುಚ್ಚಿಹೋಗಿರುತ್ತದೆ. ಒಳಗಿನ ಬಿಸಿ ನೀರಿಗೆ ಹೋಗಲಾರದೆ ಕಾಯಿಲ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಬಿಲ್ಲು ಏರುವುದೂ ಇದರಿಂದಲೇ, ಕಾಯಿಲ್ ಬೇಗ ಸಾಯುವುದೂ ಇದರಿಂದಲೇ. ಕಾಯಿಲ್ ಇನ್ನೂ ಬದುಕಿದ್ದು ಬರೀ ಸುಣ್ಣ ಕಟ್ಟಿದ್ದರೆ ಬಿಸಾಡಬೇಡ. ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ, ವೈರ್ ಹಚ್ಚುವ ತುದಿ ನೆನೆಯದಂತೆ ರಾತ್ರಿಯಿಡೀ ಮುಳುಗಿಸಿಡು, ಬೆಳಗ್ಗೆ ಸುಣ್ಣ ತಾನಾಗಿ ಕಳಚಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಕುಟ್ಟಲು ಬಿಡಬೇಡ.

ಹೊಸದು ತರುವಾಗ ಹಳೇ ಕಾಯಿಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗು. ಎಷ್ಟು ವಾಟ್, ತಟ್ಟೆಯ ಅಗಲ ಎಷ್ಟು, ಬೋಲ್ಟಿನ ತೂತು ಎಷ್ಟು, ಥರ್ಮೋಸ್ಟಾಟ್ ಕಡ್ಡಿ ಹೋಗುವ ಕೊಳವೆ ಎಲ್ಲಿದೆ, ನಾಲ್ಕೂ ಹೊಂದಬೇಕು. ಎರಡು ಸಾವಿರ ವಾಟಿನ ಜಾಗಕ್ಕೆ "ಬೇಗ ಕಾಯುತ್ತೆ ಮೇಡಂ" ಎಂದು ಮೂರು ಸಾವಿರದ್ದು ಹಾಕಿಸಲು ಬಂದರೆ ಬೇಡ ಅನ್ನು, ನಿನ್ನ ಮನೆಯ ವೈರಿಗೆ ಆ ಭಾರ ಹೊಸದು. ಕೆಂಗೇರಿಯಲ್ಲಿ ನಿನಗೆ ಬೋರ್ ನೀರೂ ಬರುವುದರಿಂದ ತಾಮ್ರದ್ದಕ್ಕಿಂತ ಇಂಕಲಾಯ್ ಕಾಯಿಲ್ ಒಳ್ಳೆಯದು. ಸ್ವಲ್ಪ ದುಬಾರಿ, ಆದರೆ ಗಡಸು ನೀರನ್ನು ತಡೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಮಾತ್ರ ಪ್ರತಿ ಸಲವೂ ಹೊಸದೇ ಆಗಬೇಕು. ಬಿಚ್ಚಿದ ಹಳೇ ರಬ್ಬರನ್ನೇ ತಿರುಗಿಸಿ ಹಾಕಿದರೆ ಮೂರನೇ ದಿನ ಹನಿ ಶುರುವಾಗಿ ವೈರಿನ ಮೇಲೇ ಬೀಳುತ್ತದೆ.

ಎಲ್ಲ ಮುಗಿದ ಮೇಲೆ ಬಿಸಿನೀರಿನ ನಲ್ಲಿ ತೆರೆದಿಟ್ಟು ನೀರು ಬಿಡಿಸು. ಗಾಳಿಯ ಸದ್ದು ನಿಂತು ನಲ್ಲಿಯಲ್ಲಿ ಒಂದೇ ಸಮನೆ ನೀರು ಬಂದಮೇಲಷ್ಟೇ ಸ್ವಿಚ್ ಹಾಕುವುದು. ಬರಿಗೀಸರ್‌ಗೆ ಕರೆಂಟು ಕೊಟ್ಟರೆ ಹೊಸ ಕಾಯಿಲ್ ನಿಮಿಷಗಳಲ್ಲಿ ಹೋಗುತ್ತದೆ.

• ಆನೋಡ್ ರಾಡನ್ನು ಕೇಳಿ ನೋಡಿಸಿಕೊ. ಇದರ ಹೆಸರು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಟ್ಯಾಂಕಿನೊಳಗೆ ಮೆಗ್ನೀಸಿಯಂನ ಒಂದು ಸರಳು ಇರುತ್ತದೆ. ನೀರಿನ ಉಪ್ಪು ಕಬ್ಬಿಣದ ಟ್ಯಾಂಕನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಹೊಸದರಲ್ಲಿ ಹೆಬ್ಬೆರಳಿನ ಗಾತ್ರ. ಎರಡು ವರ್ಷ ಬಿಟ್ಟು ತೆಗೆದು ನೋಡು, ಅಗಿದು ಉಗಿದ ಕಬ್ಬಿನ ಸಿಪ್ಪೆಯಂತೆ ನಾರು ನಾರಾಗಿ, ಕೆಲವು ಕಡೆ ಒಳಗಿನ ಕಂಬಿ ಮಾತ್ರ ಉಳಿದಿರುತ್ತದೆ. ಕಂಬಿ ಕಂಡಿತು ಅಂದರೆ ಮುಂದಿನ ಸರದಿ ಟ್ಯಾಂಕಿನದು. ಕೆಲವು ನೂರು ರೂಪಾಯಿಯ ಸರಳನ್ನು ಸಕಾಲಕ್ಕೆ ಬದಲಿಸಿದವರ ಗೀಸರ್ ಹತ್ತು ಹನ್ನೆರಡು ವರ್ಷ ಬಂದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಕಾವೇರಿ ನೀರಾದರೆ ಎರಡು ವರ್ಷಕ್ಕೊಮ್ಮೆ ನೋಡಿದರೆ ನಡೆಯುತ್ತದೆ. ಬೋರ್ ಅಥವಾ ಟ್ಯಾಂಕರ್ ನೀರಾದರೆ ವರ್ಷಕ್ಕೊಮ್ಮೆ.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಪಶ್ಚಿಮ ಬೆಂಗಳೂರಿನವರು 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಕುಡಿದವರು, ಎಪ್ಪತ್ತರ ದಶಕದಲ್ಲಿ ನಗರಕ್ಕೆ ಕಾವೇರಿ ಬಂತು. ಎರಡೂ ಬೋರ್ ನೀರಿಗಿಂತ ಮೆದುವೇ. ಬೋರ್ ಕೊರೆಸುವುದು ಹೆಚ್ಚಾದ ಮೇಲೆ ಗೀಸರ್‌ಗಳಿಗೆ ಈ ಸುಣ್ಣದ ಕಾಟ ಜೋರಾಯಿತು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದಾಗ, ಎಲ್ಲಿಯ ನೀರು, ಎಷ್ಟು ಗಡಸು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಿನ್ನ ಮನೆಯ ಸಂಪಿಗೆ ಕಾವೇರಿ, ಬೋರ್ ಎರಡೂ ನೀರು ಬೀಳುವುದಾದರೆ ಬೋರ್ ನೀರಿಗೆ ಬೇರೆ ಟ್ಯಾಂಕು ಮಾಡಿ ಗಿಡಕ್ಕೆ, ಕಕ್ಕಸಿಗೆ ಬಿಡು. ಸೋಲಾರ್‌ಗೂ ಗೀಸರ್‌ಗೂ ಕಾವೇರಿ ಹೋಗಲಿ.

• ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ನಾಲ್ಕು ಹನಿ ಬಿದ್ದರೆ ಹೆದರಬೇಡ, ಅದರ ಕೆಲಸವೇ ಅದು. ಸದಾ ಸುರಿಯುತ್ತಿದ್ದರೆ ವಾಲ್ವ್ ಬದಲಿಸು. ಹನಿ ನಿಲ್ಲಲೆಂದು ಅದರ ಬಾಯಿಗೆ ಪ್ಲಗ್ ಬಿಗಿದು ಹೋಗುವವರಿದ್ದಾರೆ. ಹಾಗೆ ಮಾಡಿದ ಗೀಸರ್ ತಲೆಯ ಮೇಲೆ ಇರುವಾಗ ಸ್ನಾನಕ್ಕೆ ಹೋಗಲೇಬಾರದು.

• ಟ್ಯಾಂಕಿನ ಮೈಯಿಂದಲೇ ನೀರು ಜಿನುಗುತ್ತಿದ್ದರೆ, ಹೊರಗಿನ ಡಬ್ಬಿಯ ಕೆಳಗೆ ತುಕ್ಕಿನ ಗೆರೆ ಇಳಿದಿದ್ದರೆ, ಬಿಡಿಭಾಗದ ಮಾತು ಅಲ್ಲಿಗೆ ಮುಗಿಯಿತು. ವೆಲ್ಡಿಂಗ್, ಎಂ-ಸೀಲ್ ಯಾವುದೂ ನಿಲ್ಲುವುದಿಲ್ಲ. ಹೊಸ ಗೀಸರ್ ತೆಗೆದುಕೊ. ಐಎಸ್‌ಐ ಗುರುತು ಇರಲೇಬೇಕು. ಅದರ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಮನೆಗೆ ಪ್ರೆಶರ್ ಪಂಪ್ ಹಾಕಿಸಿದ್ದೀಯಲ್ಲ, 8 ಬಾರ್ ತಡೆಯುವ ಟ್ಯಾಂಕೇ ಬೇಕು ಎಂದು ಕೇಳು.

• ಈಗ ತಾರಸಿಗೆ ಹತ್ತು. ನಿನ್ನದು ಗಾಜಿನ ಟ್ಯೂಬಿನ ಸೋಲಾರ್. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ತಾರಸಿ ಹತ್ತಿ ನೋಡಿದರೂ ಇವೇ ಕಾಣುತ್ತವೆ. ಹೊಸ ಮನೆಗೆ ಕರೆಂಟು ಬೇಕಾದರೆ ಸೋಲಾರ್ ಇರಬೇಕೆಂದು ಬೆಸ್ಕಾಂ ನಿಯಮ ತಂದದ್ದೂ ಇದಕ್ಕೊಂದು ಕಾರಣ. "ಸೋಲಾರ್ ಹಳೇದಾಯ್ತು, ಕಾಯ್ತಾ ಇಲ್ಲ" ಎಂದು ಇಡೀ ಸೆಟ್ ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ ಒಂದೊಂದೇ ಟ್ಯೂಬಿನ ಕೆಳತುದಿ ನೋಡು. ಒಳ್ಳೆಯ ಟ್ಯೂಬಿನ ತುದಿ ಕನ್ನಡಿ ಹಾಗೆ ಹೊಳೆಯುತ್ತದೆ. ಎರಡು ಗಾಜಿನ ನಡುವಿನ ನಿರ್ವಾತ ಹೋಗಿ ಗಾಳಿ ಹೊಕ್ಕ ಟ್ಯೂಬಿನಲ್ಲಿ ಆ ಹೊಳಪು ಅಳಿದು ಹಾಲು ಬಣ್ಣಕ್ಕೆ ತಿರುಗಿರುತ್ತದೆ. ಗಾಜು ಒಡೆದಿರುವುದಿಲ್ಲ, ನೀರೂ ಸೋರುವುದಿಲ್ಲ, ಆದರೆ ಹಿಡಿದ ಬಿಸಿಯನ್ನೆಲ್ಲ ಗಾಳಿಗೆ ಬಿಟ್ಟುಕೊಡುತ್ತದೆ. ಹದಿನೈದರಲ್ಲಿ ಅಂಥವು ನಾಲ್ಕಿದ್ದರೆ ಆ ನಾಲ್ಕನ್ನು ಬದಲಿಸು, ಸಾಕು.

ಟ್ಯೂಬ್ ಕೊಳ್ಳುವ ಮುಂಚೆ ಅಳತೆ ತೆಗೆದುಕೊ. ದಪ್ಪ 47 ಮಿಲಿಮೀಟರೋ 58ಓ, ಉದ್ದ 1500ಓ 1800ಓ ಅದಕ್ಕೂ ಹೆಚ್ಚೋ, ಕಣ್ಣಂದಾಜಿಗೆ ಸಿಗುವುದಿಲ್ಲ. ಒಂದು ಹೆಚ್ಚುವರಿ ಟ್ಯೂಬ್ ತಂದು ಗೋಡೆ ಮೂಲೆಯಲ್ಲಿ ಬಟ್ಟೆ ಸುತ್ತಿ ನಿಲ್ಲಿಸಿರು. ಕೋತಿ ಜಿಗಿದೋ, ಪಕ್ಕದ ಮನೆಯ ತೆಂಗಿನ ಗರಿ ಬಿದ್ದೋ ಒಂದು ಟ್ಯೂಬ್ ಒಡೆದರೆ ಟ್ಯಾಂಕಿನ ನೀರೆಲ್ಲ ಆ ಒಂದೇ ತೂತಿನಿಂದ ಸುರಿದುಹೋಗುತ್ತದೆ. ಆಗ ಮೊದಲು ಓಡಿಹೋಗಿ ತಣ್ಣೀರಿನ ಗೇಟ್ ವಾಲ್ವ್ ಮುಚ್ಚಬೇಕು. ಅದು ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಇವತ್ತೇ ತೋರಿಸಿಡು.

ಬದಲಿಸುವ ಕೆಲಸ ನಡು ಮಧ್ಯಾಹ್ನ ಬೇಡವೇ ಬೇಡ. ಬಿಸಿಲಿಗೆ ಬಿದ್ದ ಖಾಲಿ ಟ್ಯೂಬಿನ ಒಳಗೆ ಬಿಸಿ ಇನ್ನೂರು ಡಿಗ್ರಿ ದಾಟುತ್ತದೆ, ಅದಕ್ಕೆ ತಣ್ಣೀರು ಬಿಟ್ಟ ಕೂಡಲೇ ಪಟ್ಟನೆ ಸೀಳುತ್ತದೆ. ಮುಂಜಾನೆ ಮಾಡಿಸು, ಇಲ್ಲವಾದರೆ ಹಿಂದಿನ ದಿನವೇ ಟಾರ್ಪಾಲು ಹೊದಿಸಿಡು. ದಪ್ಪ ಕೈಗವಸು ಹಾಕಿ, ಟ್ಯೂಬಿನ ಬಾಯಿಗೆ ಸೋಪಿನ ನೀರು ಸವರಿ, ಮೆಲ್ಲಗೆ ತಿರುಗಿಸುತ್ತಾ ಮೇಲಿನ ಟ್ಯಾಂಕಿನೊಳಗೆ ನೂಕಿ, ಆಮೇಲೆ ಕೆಳಗಿನ ಕಪ್ಪಿಗೆ ಇಳಿಸಬೇಕು. ಟ್ಯೂಬ್ ತೆಗೆದಾಗ ಅದರ ರಬ್ಬರ್ ರಿಂಗನ್ನೂ ಬದಲಿಸಿಬಿಡು. ಬಿಸಿಲಿಗೆ ಗಟ್ಟಿಯಾದ ರಿಂಗು ಹೊಸ ಟ್ಯೂಬಿಗೆ ಹಿಡಿತ ಕೊಡುವುದಿಲ್ಲ.

• ಟ್ಯೂಬೆಲ್ಲ ಸರಿಯಿದ್ದೂ ನೀರು ಬರುತ್ತಿಲ್ಲವೆಂದರೆ ಏರ್ ವೆಂಟ್ ಪೈಪ್ ನೋಡು. ಕಣಜ ಗೂಡು ಕಟ್ಟಿಯೋ ಕಸ ಸೇರಿಯೋ ಮುಚ್ಚಿರುತ್ತದೆ. ಸಣ್ಣ ಪೈಪು ಅಂತ ಉದಾಸೀನ ಮಾಡಿದರೆ ನೀರು ಇಳಿಯುವಾಗ ಗಾಳಿ ಒಳಗೆ ಬರಲಾಗದೆ ಟ್ಯಾಂಕೇ ನುಗ್ಗಾಗುತ್ತದೆ. ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಪೈಪಿನ ಮೇಲಿನ ಕಪ್ಪು ಹೊದಿಕೆ ಹರಿದಿದ್ದರೆ ಅದನ್ನೂ ಹೊಸದಾಗಿ ಸುತ್ತಿಸು. ಇಲ್ಲದಿದ್ದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ನೀರಿನ ಬಿಸಿ ದಾರಿಯಲ್ಲೇ ಕರಗಿ, ಬಕೆಟ್ಟುಗಟ್ಟಲೆ ತಣ್ಣೀರು ಮೊದಲು ಚೆಲ್ಲಬೇಕಾಗುತ್ತದೆ.

• ನಿನ್ನ ಮಾವನ ವಿಜಯನಗರದ ಮನೆಯಲ್ಲಿರುವುದು ಫ್ಲಾಟ್ ಪ್ಲೇಟ್, ಗಾಜಿನ ಕೆಳಗೆ ತಾಮ್ರದ ಹಾಳೆ, ಕೊಳವೆ ಇರುವುದು. ಅದರ ರೋಗ ಬೇರೆ: ಸುಣ್ಣ ಕಟ್ಟಿ ಕೊಳವೆ ಮುಚ್ಚಿಹೋಗುವುದು. ಬೇಡವೆಂದು ಕೊಡುವ ಮುಂಚೆ ಒಮ್ಮೆ ಡೀಸ್ಕೇಲಿಂಗ್ ಮಾಡಿಸಿ ನೋಡಲಿ ಎಂದು ಅವರಿಗೆ ಹೇಳು. ಗುಜರಿಯವನು ತಾಮ್ರದ ಆಸೆಗೆ ಹೆಚ್ಚು ಕೊಡುತ್ತಾನೆ, ಅದಕ್ಕೆ ಮರುಳಾಗುವುದು ಬೇಡ.

• ಸೋಲಾರ್ ಟ್ಯಾಂಕಿನೊಳಗೂ ಮೋಡದ ದಿನಕ್ಕೆಂದು ಒಂದು ಕಾಯಿಲ್ ಇರುತ್ತದೆ. ಆಷಾಢ ಶುರುವಾಗುವ ಮುಂಚೆ ಅದನ್ನು ಒಂದು ಸಲ ಹಾಕಿ ಪರೀಕ್ಷಿಸು. ಅದರ ಸ್ವಿಚ್ ಅಡುಗೆಮನೆಯಲ್ಲೋ ಮೆಟ್ಟಿಲ ಹತ್ತಿರವೋ ಇದ್ದು ಆರಿಸಲು ಮರೆತರೆ, ನೂರೈವತ್ತು ಇನ್ನೂರು ಲೀಟರ್ ನೀರನ್ನು ಕರೆಂಟೇ ಕಾಯಿಸುತ್ತಾ ಕೂರುತ್ತದೆ. ಲೆಕ್ಕ ಕೇಳು. 25 ಲೀಟರ್ ನೀರು 22 ಡಿಗ್ರಿಯಿಂದ 60ಕ್ಕೆ ಏರಲು ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. 200 ಲೀಟರಿಗೆ ಒಂಬತ್ತು ಯೂನಿಟ್ ಆಸುಪಾಸು. ನಾಲ್ಕು ದಿನ ಮರೆತರೆ ತಿಂಗಳ ಲೆಕ್ಕವೇ ತಪ್ಪುತ್ತದೆ. 2023ರ ಆಗಸ್ಟಿನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಬಂದಿದೆ ನಿಜ, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಸೋಲಾರ್ ಇರುವ ಮನೆಗೆ ಬೆಸ್ಕಾಂ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಬೇಟ್ ಕೊಡುತ್ತಾ ಬಂದಿದೆ. ನಿನ್ನ ಬಿಲ್ಲಿನಲ್ಲಿ ಆ ಸಾಲು ಇದೆಯೋ ನೋಡು, ಇಲ್ಲದಿದ್ದರೆ ಹತ್ತಿರದ ಬೆಸ್ಕಾಂ ಉಪವಿಭಾಗಕ್ಕೆ ಹೋಗಿ ಕೇಳು.

• ಹಿತ್ತಲ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ನೋಡಿದೆ. ಅದರ ಬ್ಯಾಟರಿ ಹೋಗಿದೆ, ಬದಲಿಸಿದರೆ ಓಡುತ್ತದೆ ಅಂದೆಯಲ್ಲ, ದಯವಿಟ್ಟು ಬದಲಿಸಬೇಡ. ಮೊದಲು ಅದನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿ ಜಾಗಕ್ಕೆ ಹಾಕಿಸು. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಈ ಊರಿನಲ್ಲಿ ಗಂಡ ಹೆಂಡತಿ, ತಾಯಿ ಮಗು ಹೀಗೆ ಹೋದ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಆ ದಿನ ಊಟ ಸೇರುವುದಿಲ್ಲ. ಹೊರಗೆ ಹಾಕಿದ ಮೇಲೂ ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ ಬರ್ನರ್ ಸ್ವಚ್ಛ ಮಾಡಿಸದೆ ಹಚ್ಚಬೇಡ.

• ಎ.ಸಿ. ನಮ್ಮ ಊರಿಗೆ ಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. 2016ರ ಏಪ್ರಿಲ್ 24ರಂದು 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿದ ಮೇಲೆ ಬೇಡ ಅನ್ನುವ ಬಾಯಿ ನನಗಿಲ್ಲ. ಅದರಲ್ಲಿ ಎರಡು ಮಾತು ನೆನಪಿಡು. ಹೊರಗಿನ ಡಬ್ಬಿ ಗುಂಯ್ ಅನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ ಅಥವಾ ಕಂಪ್ರೆಸರ್ ಏಳುವುದಿಲ್ಲ ಅಂದರೆ, ಇನ್ವರ್ಟರ್ ಅಲ್ಲದ ಹಳೇ ಎ.ಸಿ.ಯಲ್ಲಿ ಬಹಳ ಸಲ ಹೋಗಿರುವುದು ಕೆಪಾಸಿಟರ್. ಕಂಪ್ರೆಸರ್ ಹೋಗಿದೆ ಎಂದು ದೊಡ್ಡ ಮೊತ್ತ ಹೇಳಿದರೆ ಮೊದಲು ಕೆಪಾಸಿಟರ್ ಬದಲಿಸಿ ತೋರಿಸಲು ಹೇಳು. ಅದನ್ನು ನೀನು ಮಾತ್ರ ಮುಟ್ಟಬೇಡ, ಕರೆಂಟು ತೆಗೆದ ಮೇಲೂ ಅದರೊಳಗೆ ಹೊಡೆಯುವಷ್ಟು ಉಳಿದಿರುತ್ತದೆ. ಇನ್ನೊಂದು ಗ್ಯಾಸ್. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ದುಡ್ಡನ್ನು ಗಾಳಿಗೆ ಬಿಟ್ಟಂತೆಯೇ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಹೊರಗಿನ ಡಬ್ಬಿಯ ಚೀಟಿಯಲ್ಲೇ ಬರೆದಿರುತ್ತದೆ. ಆರ್-22, ಆರ್-410ಎ, ಆರ್-32 ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ಆರ್-32 ಬೆಂಕಿ ಹಿಡಿಯುವ ಗುಣದ್ದು, ಅದನ್ನು ಬಲ್ಲವನೇ ಬರಲಿ.

• ಸೀಲಿಂಗ್ ಫ್ಯಾನ್ ನಿಧಾನವಾದರೆ ಹೊಸ ಫ್ಯಾನ್ ಬೇಡ. ಅದರದ್ದೂ ಕೆಪಾಸಿಟರ್, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು. ನೂರು ರೂಪಾಯಿ ಒಳಗೇ ಬರುತ್ತದೆ.

• ಇಷ್ಟೆಲ್ಲ ಬದಲಿಸಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಏನೂ ಮಾಡಿದಂತಾಗಲಿಲ್ಲ. ಒದ್ದೆ ಮೈ, ಒದ್ದೆ ನೆಲ, ಕೈಗೆ ಲೋಹದ ನಲ್ಲಿ. ನಲ್ಲಿ ಮುಟ್ಟಿದರೆ ಜುಂ ಅನ್ನುತ್ತದೆ ಎಂದು ಯಾರಾದರೂ ಹೇಳಿದರೆ ಅವತ್ತು ಗೀಸರ್ ಬಂದ್. ಮೀಟರ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಬೀಳುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸು. ಅದರಲ್ಲಿ ಟಿ ಅಂತ ಬರೆದ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿದರೆ ತಟ್ಟನೆ ಬೀಳಬೇಕು. ಬೀಳದಿದ್ದರೆ ಅದನ್ನೇ ಬದಲಿಸು. ಅಂಗಳದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಬಕೆಟ್ ನೀರು ಹಾಕು, ತುಳಸಿಗೆ ಹಾಕುವಾಗಲೇ.

• ಸಾಮಾನು ಹತ್ತಿರದಲ್ಲಿ ಸಿಗದಿದ್ದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗು. ಕೆಂಗೇರಿಯಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಗಾಡಿಗೆ ಬದಲಾಯಿಸಿ ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿ. ಭಾನುವಾರ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗು. ಬಿಲ್ ಕೇಳಿ ಪಡೆ, ಅದರ ಮೇಲೆ ಮಾಡೆಲ್ ಬರೆಸು. ಬಿಸಿಲಿಗೆ ಅಕ್ಷರ ಅಳಿಸುವ ಕಾಗದವಾದರೆ ಫೋಟೋ ತೆಗೆದಿಟ್ಟುಕೊ. ಬದಲಿಸಿದ ಹಳೇ ಭಾಗ ನಿನ್ನ ಕೈಗೇ ಬರಬೇಕು. ಕೊಡಲು ಹಿಂದೆ ಮುಂದೆ ನೋಡುವವನು ನಿಜವಾಗಿ ಬದಲಿಸಿದನೋ ಇಲ್ಲವೋ ಎಂಬ ಅನುಮಾನ ಇಟ್ಟುಕೊ. ಕೆಲಸ ಬಲ್ಲ ಹುಡುಗ ಸಿಕ್ಕಿದರೆ ಕೂಲಿಗೆ ಚೌಕಾಸಿ ಮಾಡಬೇಡ. ಕಾಫಿ ಕೊಟ್ಟು, ನಂಬರ್ ಬರೆದಿಟ್ಟುಕೊ.

• ನಮ್ಮಮ್ಮನ ಕಾಲದಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯ ಮಸಿ ಉಜ್ಜಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಒಲೆಯ ಬೂದಿ ತೆಗೆದು, ಹೊಸ ನೀರು ತುಂಬುತ್ತಿದ್ದರು. ಹಂಡೆ ಹೋಗಿದೆ, ದಿನ ಉಳಿದಿದೆ. ಆ ದಿನಕ್ಕೆ ಒಂದು ವಾರ ಮುಂಚೆಯೇ ಗೀಸರ್ ಬಸಿದು ಆನೋಡ್ ನೋಡಿಸು, ಸೋಲಾರ್ ಟ್ಯೂಬಿನ ಧೂಳು ಒರೆಸು, ವೆಂಟ್ ಪೈಪಿಗೆ ಕಡ್ಡಿ ಹಾಕಿ ನೋಡು. ಹಬ್ಬದ ಹಿಂದಿನ ದಿನ ಕರೆದರೆ ಯಾರೂ ಬರುವುದಿಲ್ಲ.

• ನಿಮ್ಮಪ್ಪ ಬಂದಾಗ ಅವನಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಲು ಹೇಳು. ಥರ್ಮೋಸ್ಟಾಟ್ 60 ಡಿಗ್ರಿಗೆ ಇಟ್ಟಿರು. ಅದಕ್ಕಿಂತ ಬಹಳ ಇಳಿಸಿದರೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯ, ಏರಿಸಿದರೆ ಸುಣ್ಣ ಬೇಗ ಕಟ್ಟುತ್ತದೆ. ಆದರೆ ಆ ನೀರು ವಯಸ್ಸಾದವರ ತೆಳು ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡಬಲ್ಲದು, ಏಪ್ರಿಲಿನ ಸೋಲಾರ್ ನೀರು ಅದಕ್ಕಿಂತಲೂ ಬಿಸಿ. ಬಿಸಿನೀರಿನ ನಲ್ಲಿಗೆ ಕೆಂಪು ಟೇಪ್ ಸುತ್ತಿಸಿಡು. ಅಣ್ಣ ಈಗ ಕನ್ನಡಕ ತೆಗೆದೇ ಸ್ನಾನಕ್ಕೆ ಹೋಗುವುದು.